ತಳ ಮುಟ್ಟುವ ಕೈ
ನಮ್ಮ ಇಂಚಾನ್ ಪೇಟೆಯ ಅಂಗಡಿಯವರಿಗೆ ಪಕ್ಕದ ಮನೆಯ ಮಲ್ಸುನ್ ಅಕ್ಕನನ್ನು ಕಂಡರೆ ಆಗುವುದಿಲ್ಲ. ವಾಷಿಂಗ್ ಮೆಷಿನ್ ನೋಡಲು ಹೊರಟಳೆಂದರೆ ಕೈಚೀಲದಲ್ಲಿ ಒಂದು ಕಾಲುಚೀಲ ಇದ್ದೇ ಇರುತ್ತದೆ. ಬಾಗಿಲು ಮುಂಭಾಗದಲ್ಲಿರುವ ಮೆಷಿನ್ನನ್ನು ತಿರುಗಿಯೂ ನೋಡುವುದಿಲ್ಲ. "ಒಗೆಯೋ ಮಧ್ಯದಲ್ಲಿ ಬಾಗಿಲು ತೆಗೆಯೋಕೆ ಬಿಡದೇ ಇರೋದು ಮೆಷಿನ್ನಲ್ಲ, ಪೊಲೀಸ್ ಠಾಣೆ" ಎನ್ನುತ್ತಾಳೆ. ಮುಚ್ಚಳ ಮೇಲಿದ್ದರೆ ಕಾಲುಚೀಲವನ್ನು ತೊಟ್ಟಿಯ ತಳಕ್ಕೆ ಎಸೆದು, ಬಲಗೈಯನ್ನು ಕೋಟಿನ ಜೇಬಿಗೆ ತುರುಕಿ, ಬರೀ ಎಡಗೈ ಇಳಿಬಿಟ್ಟು ತಡಕುತ್ತಾಳೆ. ಸೊಂಟದವರೆಗೂ ಒಳಗೆ, ಕಾಲೆರಡೂ ಗಾಳಿಯಲ್ಲಿ. "ಇದು ಫೋನಿನಲ್ಲೇ ಓಡುತ್ತಮ್ಮಾ" ಎಂದು ಮಾರುವವನು ಹಲ್ಲು ಕಿರಿದರೆ ಒಳಗಿನಿಂದಲೇ ಗುಡುಗುತ್ತಾಳೆ: "ಫೋನು ಬಂದು ಕಾಲುಚೀಲ ಎತ್ತಿಕೊಡುತ್ತದೇನಯ್ಯಾ? ಇದೇನು ಒಗೆಯೋ ತೊಟ್ಟಿಯೋ, ಹಾಳುಬಾವಿಯೋ? ಮೋಟಾರಿಗೆ ಗ್ಯಾರಂಟಿ ಕೊಡ್ತೀರಿ, ಸೊಂಟಕ್ಕೆ ಯಾರು ಕೊಡ್ತಾರೆ?" ಜೊತೆಗೆ ಹೋಗುವ ನನಗೆ ಮೊದಮೊದಲು ನಾಚಿಕೆಯಾಗುತ್ತಿತ್ತು, ಈಗ ಸಿಟ್ಟೇ ಬರುತ್ತದೆ. ಈ ಆಳ ಗೊತ್ತುಮಾಡಿದ ಮಹಾಶಯರು ಒಂದು ದಿನವಾದರೂ ಒದ್ದೆ ಬಟ್ಟೆ ಮುಟ್ಟಿದ್ದಾರೆಯೇ? ಮೊನ್ನೆ ಒಬ್ಬ ಕಿಸಕ್ಕನೆ ನಕ್ಕು, "ಇನ್ನೊಂದು ಕೈಯಲ್ಲಿ ಅಂಚು ಹಿಡ್ಕೊಳ್ಳಿ ಅಮ್ಮಾ, ಸಲೀಸಾಗಿ ಸಿಗುತ್ತೆ" ಅಂದ. ಅಕ್ಕ ಮೇಲೆದ್ದು ಕೂದಲು ಸರಿಮಾಡಿಕೊಂಡಳು. "ನಮ್ಮನೇಲಿ ಬಟ್ಟೆ ಒಗೆಯೋರು ನಮ್ಮ ಯಜಮಾನ್ರು ಕಣಪ್ಪಾ. ಅವರ ಇನ್ನೊಂದು ಕೈ, ಇಂಥ ತೊಟ್ಟಿ ಮಾಡೋ ಕಾರ್ಖಾನೇಲೇ ಹೋಯ್ತು."