ಮೇಲಕ್ಕೆ ಹೋದ ಸಾಲುಗಳು

ಅವರ ಎಡಗೈಯಲ್ಲಿ ಹೆಬ್ಬೆರಳೊಂದೇ ಉಳಿದಿತ್ತು. ಮಿಕ್ಕ ನಾಲ್ಕನ್ನು ಎಣ್ಣೆ ಮಿಲ್ಲಿನ ಯಂತ್ರ ಎಳೆದುಕೊಂಡಿತ್ತು. ಬೆರಳಿದ್ದ ಜಾಗ ಸಿಪ್ಪೆ ತೆಗೆದ ಶೇಂಗಾ ಬೀಜದಂತೆ ನುಣ್ಣಗಿತ್ತು. ಮಾತಾಡುವಾಗ ಆ ಹೆಬ್ಬೆರಳಿನಿಂದ ಮೇಜಿನ ಅಂಚನ್ನು ಉಜ್ಜುತ್ತಿದ್ದರು.

ನೀರು ಪರೀಕ್ಷೆ ಮಾಡುವ ಖಾಸಗಿ ಕಚೇರಿಯೊಂದರಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು; ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ. ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ನಾನು ಚಳ್ಳಕೆರೆಯಲ್ಲಿ, ದೊಡ್ಡ ಕಂಪ್ಯೂಟರ್ ಇದ್ದ ಕಡೆ. ಅವರು ಮೊಳಕಾಲ್ಮೂರಿನ ಶಾಖೆಯಲ್ಲಿ. ಹಳ್ಳಿಯವರು ಬೋರಿನ ನೀರನ್ನು ಬಾಟಲಿಯಲ್ಲಿ ಅಲ್ಲಿಗೆ ತಂದುಕೊಡುತ್ತಿದ್ದರು. ಆ ಬಾಟಲಿಗಳನ್ನು ಪೆಟ್ಟಿಗೆಯಲ್ಲಿ ಹೊತ್ತು ತಂದ ಮೇಲೆ ಪರೀಕ್ಷೆ ಇಲ್ಲಿ, ಚಳ್ಳಕೆರೆಯಲ್ಲಿ ನಡೆಯುತ್ತಿತ್ತು. ಅವರು ಟೆಲಿಫೋನ್ ಲೈನಿನ ಮೂಲಕ ನಮ್ಮ ಕಂಪ್ಯೂಟರಿನೊಳಕ್ಕೆ ಬಂದು, ಫಲಿತಾಂಶ ನೋಡಿ, ಅಲ್ಲೇ ಚೀಟಿ ಮುದ್ರಿಸಿ ಕೊಡಬೇಕು. ಲೈನು ದಿನಕ್ಕೆ ಐದಾರು ಸಲ ಕಡಿದುಹೋಗುತ್ತಿತ್ತು. ಆದರೂ ಅವರ ಪರದೆ, ಅಂದರೆ ಅವರು ತೆರೆದಿಟ್ಟ ಕೆಲಸ, ಇಲ್ಲಿನ ಕಂಪ್ಯೂಟರಿನಲ್ಲಿ ಹಾಗೇ ನಡೆಯುತ್ತಿರುತ್ತಿತ್ತು. ಮತ್ತೆ ಬಂದಾಗ ಬಿಟ್ಟ ಸಾಲಿನಿಂದಲೇ ಮುಂದುವರಿಯಬಹುದಿತ್ತು.

ತೊಂದರೆ ಬೇರೆ ಇತ್ತು. ಫಲಿತಾಂಶದ ಪಟ್ಟಿ ಉದ್ದವಾದರೆ ಮೊದಲ ಸಾಲುಗಳು ಮೇಲಕ್ಕೆ ಹೋಗಿ ಮರೆಯಾಗುತ್ತಿದ್ದವು. ಅವನ್ನು ನೋಡಲು ಎರಡೂ ಕೈಯಿಂದ ಎರಡು ಕೀ ಒಟ್ಟಿಗೆ ಒತ್ತಿ, ಆಮೇಲೆ ಮೂರನೆಯದನ್ನು ಒತ್ತಬೇಕು. ಅವರ ಹೆಬ್ಬೆರಳು ಪಕ್ಕದ ಕೀಗೆ ಜಾರುತ್ತಿತ್ತು. ಆಗ ನನಗೆ ಫೋನ್.

"ತಂಗಿ, ಮೇಲಕ್ಕೆ ಹೋಗ್ಬಿಟ್ಟವೆ ಕಣವ್ವ. ಒಂಚೂರು ಓದಿ ಹೇಳು."

ನಾನು ಇಲ್ಲಿ ಅವರದೇ ಪರದೆ ತೆರೆದು ಓದುತ್ತಿದ್ದೆ. ಅವರು ಬರೆದುಕೊಂಡು ನನಗೇ ತಿರುಗಿ ಓದಿ ಹೇಳುತ್ತಿದ್ದರು. ಹಾಗೆ ತಿರುಗಿ ಓದದೆ ಒಂದು ಚೀಟಿಯನ್ನೂ ಕೊಟ್ಟವರಲ್ಲ. ಕುಡಿಯುವ ನೀರು ಎನ್ನುತ್ತಿದ್ದರು, ಅಷ್ಟೇ. ಫೋನ್ ಬಂದಾಗಲೆಲ್ಲ ನಾನು ಡೈರಿಯಲ್ಲಿ ಗೆರೆ ಹಾಕುತ್ತಿದ್ದೆ. ಒಂದು ತಿಂಗಳಲ್ಲಿ ಮೂವತ್ತೆಂಟು ಗೆರೆ. ಆ ಗೆರೆಗಳನ್ನು ಮ್ಯಾನೇಜರಿಗೆ ತೋರಿಸಿದವಳೂ ನಾನೇ. ತಾವೇ ನೋಡಿಕೊಳ್ಳಲು ಆಗದಿದ್ದರೆ ಅವರನ್ನು ಮತ್ತೆ ಮೊದಲಿನಂತೆ ಬಾಟಲಿ ಪೆಟ್ಟಿಗೆ ಹೊರುವ ಕೆಲಸಕ್ಕೆ ಹಾಕುವುದಾಗಿ ಮ್ಯಾನೇಜರು ಹೇಳಿದರು. ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ಅವರಿಗೆ ಅದೇ ಮೊದಲನೆಯದು.

ಮೌಸಿನ ಚಕ್ರ ತಿರುಗಿಸಿದರೆ ಮರೆಯಾದ ಸಾಲು ಬರುವಂತೆ ಮಾಡಿದರೆ ಒಂದು ಬೆರಳು ಸಾಕು. ಒಂದು ಸೋಮವಾರ ಮೊಳಕಾಲ್ಮೂರಿಗೆ ಹೋಗಿ ಸೆಟ್ಟಿಂಗ್ ಬದಲಿಸಿದೆ. ಉದ್ದದ ವರದಿಯೊಂದನ್ನು ಓದಲು ತೆರೆದು ಚಕ್ರ ತಿರುಗಿಸಿದೆ. ಮೇಲೆ ಹೋಯಿತು, ಕೆಳಗೆ ಬಂತು. ಡೈರಿಯಲ್ಲಿ "ಆಯಿತು" ಎಂದು ಬರೆದು ಬಸ್ಸು ಹತ್ತಿದೆ. ಆಜ್ಞೆ ಟೈಪ್ ಮಾಡುವ ಜಾಗದಲ್ಲಿ ತಿರುಗಿಸಿ ನೋಡಲೇ ಇಲ್ಲ. ಅಲ್ಲಿ ಅದೇ ಚಕ್ರ ಪಟ್ಟಿಯನ್ನು ಸರಿಸುವ ಬದಲು, ಹಿಂದೆ ಕೊಟ್ಟಿದ್ದ ಆಜ್ಞೆಗಳನ್ನು ಒಂದೊಂದಾಗಿ ಎಳೆದು ತರುತ್ತಿತ್ತು.

ಬುಧವಾರ ಅವರು ಚಕ್ರ ತಿರುಗಿಸಿದರು. ಪಟ್ಟಿ ಅಲುಗಲಿಲ್ಲ. ಕೆಳಗಿನ ಸಾಲು ಬದಲಾದದ್ದನ್ನು ಗಮನಿಸದೆ ಎಂಟರ್ ಒತ್ತಿದರು. ಬೆಳಿಗ್ಗೆ ಬೇರೆ ಹಳ್ಳಿಗೆ ಕೊಟ್ಟಿದ್ದ "ಕುಡಿಯಲು ಯೋಗ್ಯ" ಚೀಟಿ ಮತ್ತೆ ಮುದ್ರಣವಾಯಿತು. ಕಾದು ನಿಂತಿದ್ದವನೊಬ್ಬ ತನ್ನದೇ ಎಂದು ಹರಿದುಕೊಂಡು ಬಸ್ಸಿಗೆ ಓಡಿದ. ಅವನ ಬೋರಿನಲ್ಲಿ ಫ್ಲೋರೈಡ್ ಮಿತಿ ಮೀರಿತ್ತು. ಅವರು ಮುಂದಿನ ಬಸ್ಸಿಗೇ ಆ ಹಳ್ಳಿಗೆ ಹೋಗಿ, ತೆಲುಗಿನಲ್ಲಿ ಬೈಸಿಕೊಂಡು, ತುಂಬಿಟ್ಟಿದ್ದ ಎರಡು ಕೊಡ ಚೆಲ್ಲಿಸಿ, ಚೀಟಿ ವಾಪಸ್ ತಂದರು.

ಮರುದಿನ ಮ್ಯಾನೇಜರು ಚಳ್ಳಕೆರೆಗೆ ಕರೆಸಿ ಕೇಳಿದಾಗ ನಾನು ಅಲ್ಲೇ ಇದ್ದೆ.

"ನನ್ನ ಕೈ ಜಾರ್ತು ಸಾರ್. ಈ ಕೈಯಾಗೆ ಇರೋದೇ ಒಂದು ಬೆರಳು," ಎಂದು ನಕ್ಕರು.

ನಾನು ಬದಲಿಸಿದ ಚಕ್ರದ ಮಾತು ಎತ್ತಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ನಾನೂ ಬಾಯಿ ಬಿಡಲಿಲ್ಲ. ಅವತ್ತೇ ಅವರನ್ನು ಬಾಟಲಿ ಕೆಲಸಕ್ಕೆ ಹಾಕಿದರು.

ಚಕ್ರ ಸರಿಮಾಡುವ ದಾರಿ ಸಿಕ್ಕಿದ್ದು ಹನ್ನೊಂದು ದಿನದ ಮೇಲೆ. ದೊಡ್ಡ ಕಂಪ್ಯೂಟರಿನ ಕಡತವೊಂದರಲ್ಲಿ ಒಂದೇ ಒಂದು ಸಾಲು ಸೇರಿಸಬೇಕಿತ್ತು. ಅವರು ಬಾಟಲಿ ಪೆಟ್ಟಿಗೆ ಹೊತ್ತು ಬಂದಾಗ ಅವರ ಹಳೆಯ ಪರದೆಯನ್ನೇ ತೆರೆದು ಮೌಸ್ ಕೊಟ್ಟೆ. ನಿಂತೇ ತಿರುಗಿಸಿದರು. ಮರೆಯಾಗಿದ್ದ ಸಾಲುಗಳು ಒಂದೊಂದಾಗಿ ಇಳಿದು ಬಂದವು. ಆ ಬುಧವಾರದ ಸಾಲು ಬಂದಾಗ ಬೆರಳು ನಿಂತಿತು.

"ಅಣ್ಣಾ, ಸಾರ್‌ಗೆ ನಾನು ಹೇಳ್ತೀನಿ," ಎಂದೆ.

"ಹೇಳಿದ್ರೆ ನಿನ್ನೂ ಬಾಟ್ಲಿ ಹೊರಾಕೆ ಹಾಕ್ತಾರೆ. ಪೆಟ್ಟಿಗೆ ಭಾರ ಐತೆ, ನಿನ್ನ ಕೈಲಿ ಆಗಲ್ಲ, ಬಿಡವ್ವ," ಎಂದು ಟೀ ಕುಡಿಯಲು ಹೋದರು.

ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಎದೆನೋವು ಎಂದರು. ಸುದ್ದಿ ಬಂದ ದಿನ ನಾನು ಇಪ್ಪತ್ತಾರು ಬಾಟಲಿ ದಾಖಲಿಸಿದೆ. ಊಟದ ಡಬ್ಬಿ ಖಾಲಿ ಮಾಡಿದೆ. ಅಳು ಬರಲಿಲ್ಲ.

ಒಂದು ವಾರದ ಮೇಲೆ ನೋಡಿದರೆ ಅವರ ಪರದೆ ಇನ್ನೂ ನಡೆಯುತ್ತಿತ್ತು. ಅವರ ಜಾಗಕ್ಕೆ ಬಂದವನಿಗೆ ಬೇರೆ ಪರದೆ ಕೊಟ್ಟಿದ್ದರಿಂದ ಇದನ್ನು ಯಾರೂ ಮುಚ್ಚಿರಲಿಲ್ಲ. ಚಕ್ರ ತಿರುಗಿಸುತ್ತ ಬುಧವಾರದವರೆಗೆ ಹೋದೆ. ಮ್ಯಾನೇಜರನ್ನು ಕರೆದು ಆ ಸಾಲು ತೋರಿಸಿ, ತಪ್ಪು ನನ್ನದು ಎಂದೆ.

"ಈಗ ಹೇಳಿ ಏನು ಬಂತಮ್ಮ," ಎಂದರು. "ಅದನ್ನ ಮುಚ್ಚು."

ಮುಚ್ಚಿದೆ.

ಡೈರಿಯಲ್ಲಿ ಆ ಬುಧವಾರದ ಪುಟದಲ್ಲಿ "ತಪ್ಪು ಚೀಟಿ: ಒಂದು" ಎಂದಷ್ಟೇ ಇತ್ತು. ತಪ್ಪು ಯಾರದೆಂದು ಬರೆದಿರಲಿಲ್ಲ. ಬರೆದೆ. ಆಮೇಲೆ ಅವರು ಮಾಡುತ್ತಿದ್ದಂತೆ ಒಂದು ಸಲ ತಿರುಗಿ ಓದಿದೆ.