ಬೇವಿನ ಬುಡದ ವಯೊಲೆಟ್

ಆ ಮಧ್ಯಾಹ್ನ ಅಂಗಳದಲ್ಲಿ ಮೂವರಿದ್ದೆವು: ನಾನು, ಮನೆಯ ಮಾಲಕಿ ನೀಲವ್ವ, ಕೋಲು ಹಿಡಿದು ಪಕ್ಕದ ಮನೆಯಿಂದ ಬಂದ ಫಕ್ಕೀರಪ್ಪ. ನನ್ನ ಮಗಳು ನೀಲವ್ವನ ಸೊಂಟದ ಮೇಲೆ ಅಳುತ್ತಿದ್ದಳು. ಈಗಷ್ಟೇ ನಡೆಯಲು ಕಲಿತಿದ್ದ ಅವಳು ಸ್ವಲ್ಪ ಮೊದಲು ಬೇವಿನ ಬುಡದ ವಯೊಲೆಟ್ ಎಲೆಗಳ ನಡುವೆ ಕೂತು ಆಡುತ್ತಿದ್ದಳು. ಅವಳಿಂದ ಮೊಳದಾಚೆ ಎಲೆಗಳು ಉದ್ದಕ್ಕೆ ಅಲುಗಿದ್ದನ್ನು ಕಂಡ ನೀಲವ್ವ ಓಡಿಬಂದು ಎತ್ತಿಕೊಂಡಿದ್ದರು.

"ಹುಳ ಐತಿ," ಅಂದರು. ಹಾವನ್ನು ಇಲ್ಲಿಯವರು ಹಾವು ಅನ್ನುವುದಿಲ್ಲ. ಅಂದರೆ ಬಂದೀತು ಎಂಬ ಅಂಜಿಕೆ.

ನಾನು ಹುಟ್ಟಿ ಬೆಳೆದ ಗುಡ್ಡದೂರು ಕುನ್ನೂರಿನವರಿಗೆ ಇದೆಲ್ಲ ವಿಚಿತ್ರ ಅನ್ನಿಸೀತು. ನಮ್ಮಲ್ಲಿ ಮಣ್ಣು ಬರಿದಾಗಿ ಕಂಡರೆ ಅಜ್ಜ ಬೈಯುತ್ತಿದ್ದರು, ಒಂದೇ ಮಳೆಗೆ ಇಳಿಜಾರು ಕೊಚ್ಚಿಹೋಗುತ್ತದೆಂದು. ಅದಕ್ಕೇ ನೆರಳಿದ್ದಲ್ಲೆಲ್ಲ ವಯೊಲೆಟ್ ಹಬ್ಬಿಸುತ್ತೇವೆ. ಕುಡಿ ಚಾಚಿ, ಮುಟ್ಟಿದಲ್ಲಿ ಬೇರು ಬಿಟ್ಟು, ನೆಲ ಕಾಣದ ಹಾಗೆ ಹಾಸಿಕೊಳ್ಳುವ ಗಿಡ. ಗಂಡನಿಗೆ ಬೀಜದ ಕಂಪನಿಯಲ್ಲಿ ಕೆಲಸ ಸಿಕ್ಕು ರಾಣೆಬೆನ್ನೂರಿಗೆ ಬಂದಾಗ ಈ ಅಂಗಳ ನನಗೆ ಬೋಳಿಸಿದ ತಲೆಯಂತೆ ಕಂಡಿತ್ತು. ಬ್ಯಾಡಗಿಯಿಂದ ತಂದ ಮೆಣಸಿನಕಾಯಿ ಹರವಿದ ದಿನ ಬಿಟ್ಟರೆ ಅಲ್ಲಿ ಬಣ್ಣವೇ ಇಲ್ಲ.

ಅಜ್ಜ-ಅಜ್ಜಿಯಿಂದ ಕಲಿತ ನನ್ನ ಕನ್ನಡ ಕೇಳಿ ಕಿರಾಣಿ ಅಂಗಡಿಯವರು, "ಪುಸ್ತಕ ಓದಿದಂಗ ಮಾತಾಡ್ತೀರಲ್ರೀ" ಎಂದು ನಗುತ್ತಿದ್ದರು. ನಾನು ಮಾತು ಕಡಿಮೆ ಮಾಡಿದೆ. ಒದ್ದೆ ಗೋಣಿಯಲ್ಲಿ ಸುತ್ತಿ ತಂದಿದ್ದ ಸಸಿಗಳನ್ನು ಬೇವಿನ ಕೆಳಗೆ ನೆಟ್ಟು, ದಿನವೂ ಬಚ್ಚಲ ನೀರು ಹಾಯಿಸಿದೆ. ಬೇಸಿಗೆಯಲ್ಲಿ ಅರ್ಧಕ್ಕರ್ಧ ಸುಟ್ಟುಹೋದವು. ಉಳಿದವಕ್ಕೆ ಗೋಣಿಯ ನೆರಳು ಕಟ್ಟಿದೆ. ಈ ಮಳೆಗಾಲ ಮುಗಿಯುವಷ್ಟರಲ್ಲಿ ಅವು ಹಬ್ಬಿ ಮೆಟ್ಟಿಲು ಮುಟ್ಟಿದ್ದವು. ಈ ಊರಲ್ಲಿ ನನ್ನದು ಅನ್ನಲಿಕ್ಕೆ ಇದ್ದದ್ದು ಅಷ್ಟೇ.

ಫಕ್ಕೀರಪ್ಪ ಕೋಲಿನಿಂದ ಎಲೆ ಸರಿಸುತ್ತ ಕೇಳಿದರು: "ಏನ್ರೀ ಅಕ್ಕಾರ, ಇದು ಪಲ್ಯಾಕ ಬರ್ತೈತೇನು?"

"ಇಲ್ಲ."

"ಹೂವು ದೇವ್ರಿಗೆ ಏರಸ್ತೀರೇನು?"

"ಇಲ್ಲ."

"ಪಲ್ಯಾಕಿಲ್ಲ, ದೇವ್ರಿಗಿಲ್ಲ. ಮತ್ತ ಹುಳಕ್ಕ ಗಾದಿ ಹಾಸೀರೇನು?"

ನನಗೆ ಸಿಟ್ಟು ಬಂತು. "ಎಲೆ ಗೇಣೆತ್ತರವೂ ಇಲ್ಲ ನೀಲವ್ವಾರೇ. ಇದ್ದಿದ್ದರೆ ಕಾಣುತ್ತಿತ್ತು."

"ಕಾಣಲಿಲ್ಲಲ್ಲ ಯವ್ವಾ, ಅದ ನನ್ನ ಅಂಜಿಕಿ. ಐತೋ, ಹೋತೋ, ಯಾರು ಹೇಳಾವ್ರು?" ಅವರು ಅಂಗಳದ ಬರಿಯ ಭಾಗ ತೋರಿಸಿದರು. "ಸಂಜೀಕ ಕಸಾ ಹೊಡದು ಮಲಗತೇನಿ. ಮುಂಜಾನೆದ್ದು ಮೊದಲ ನೆಲಾ ನೋಡತೇನಿ. ಹುಳ ಹರದಿದ್ರ ಗೆರಿ ಬಿದ್ದಿರತೈತಿ. ಎಲ್ಲಿಂದ ಬಂತು, ಎಲ್ಲಿ ಹೊಕ್ಕತು, ಎಲ್ಲಾ ಗೊತ್ತಾಕ್ಕೈತಿ. ನೀ ಆ ನೆಲಾನ ಮುಚ್ಚೀದಿ."

ಬೋಳು ಅಂದುಕೊಂಡಿದ್ದ ನೆಲ ಈ ಮನೆಗೆ ಕಾವಲಾಗಿತ್ತು.

"ಐರಣಿ ಊರಾಗ ನನ್ನ ತಂಗಿ ಹಿತ್ತಲದ ಹುಲ್ಲಾಗ ಕಾಲಿಟ್ಲು. ದವಾಖಾನಿ ಮುಟ್ಟಲಿಲ್ಲ." ನೀಲವ್ವ ಕೂಸನ್ನು ಇನ್ನೂ ಬಿಗಿಯಾಗಿ ಹಿಡಿದರು. "ಲಗೂ ತಗಿ. ಇಲ್ಲಾಂದ್ರ ಬ್ಯಾರೆ ಮನಿ ನೋಡ್ಕೋ."

ಲಗೂ ಅಂದರೆ ಬೇಗ. ನಾನು ಮಗಳ ಪಾದ ನೋಡಿದೆ. ಕಳೆ ಕೀಳುವ ಕುರ್ಪಿ ತಂದು ಮೆಟ್ಟಿಲ ಬುಡದಿಂದ ಶುರು ಮಾಡಿದೆ. ಒಂದೊಂದು ಗಿಡದ ಅಡಿಗೆ ಕೈ ಹಾಕುವ ಮೊದಲು ಕುರ್ಪಿಯಿಂದ ತಟ್ಟಿ ನೋಡುತ್ತಿದ್ದೆ. ಒಮ್ಮೆ ಬೆರಳಿಗೆ ತಣ್ಣಗೆ ಏನೋ ತಗುಲಿ ಚೀರಿದೆ. ಫಕ್ಕೀರಪ್ಪ ಕೋಲೆತ್ತಿದರು. ಬಚ್ಚಲ ನೀರಿಗೆ ನೆಂದ ಬೇರು. ಯಾರೂ ನಗಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಮೆಟ್ಟಿಲಿನಿಂದ ನಾಲ್ಕು ಮಾರು ನೆಲ ಬಯಲಾಯಿತು. ಏನೂ ಸಿಗಲಿಲ್ಲ. ಬೇವಿನ ಬೊಡ್ಡೆಗೆ ಅಂಟಿದಂತೆ ಒಂದು ಮೊರದಗಲ ಉಳಿದಿತ್ತು. ಅದಕ್ಕೂ ಕುರ್ಪಿ ಹಾಕಲು ಹೋದೆ.

"ಅಷ್ಟು ಇರ್ಲಿ ಬಿಡು," ಅಂದರು ನೀಲವ್ವ, ಕಸಬರಿಗೆಯನ್ನು ನನ್ನ ಕೈಗೆ ಕೊಡುತ್ತ. "ನಾಳಿಂದ ನೆಲಾ ನೀನೂ ನೋಡು."

ಚಳಿಗಾಲದಲ್ಲಿ ಕುನ್ನೂರಿಗೆ ತಂಗಿಯ ಮನೆಗೆ ಹೋದೆ. ಗೇಟಿನಿಂದ ಬಾಗಿಲವರೆಗೆ ವಯೊಲೆಟ್ ತುಂಬಿ ಹೂಬಿಟ್ಟಿತ್ತು. ಮಗಳು ಕೈ ಬಿಡಿಸಿಕೊಂಡು ಓಡಿದಳು. ನಾನು ಹಿಡಿದು ಎತ್ತಿಕೊಂಡು, ಒಂದು ಕೋಲು ಕೊಡೆಂದು ತಂಗಿಯನ್ನು ಕೇಳಿದೆ. ಅವಳು ನಗುತ್ತ ಬರಿಗಾಲಲ್ಲಿ ಎಲೆಗಳ ಮೇಲೆ ನಡೆದು ಬಂದು ಕೂಸನ್ನು ಒಳಗೆ ಕರೆದೊಯ್ದಳು. ನಾನು ಮನೆಯನ್ನು ಸುತ್ತಿ ಹಿಂಬಾಗಿಲಿನಿಂದ ಹೋದೆ.