ಎಂಟು ನಿಮಿಷಕ್ಕೆ ತೊಳೆಯದ ಜಡೆ

ವಿಜಯಪುರದ ಆದಿಲಕ್ಷ್ಮಮ್ಮನಿಗೆ ಓದಿದವರೆಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ದಿನವೂ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಬಾಶೆಟ್ಟಿಹಳ್ಳಿಯ ಪ್ರಯೋಗಾಲಯದಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದ ಮೇಲೆ ಇದ್ದ ಚೂರುಪಾರು ಗೌರವವೂ ಹೋಯಿತು. ಅದಕ್ಕೆ ಮೊದಲು ಇಪ್ಪತ್ತು ವರ್ಷ ರೇಷ್ಮೆ ನೂಲು ತೊಳೆದಿದ್ದಳು.

ದಾಳಿಯಲ್ಲಿ ಜನರ ಮೈಮೇಲೆ ವಿಷ ರಾಸಾಯನಿಕ ಬಿದ್ದರೆ ಬೇಗ ತೆಗೆದು ಜೀವ ಉಳಿಸುವುದು ಹೇಗೆ ಎಂಬುದು ಅಲ್ಲಿನ ಸಂಶೋಧನೆ. ವಿಷದ ಬದಲು ಅಪಾಯವಿಲ್ಲದ ಎಣ್ಣೆಯೊಂದನ್ನು ಸವರಿ, ನೀರು ಬಿಟ್ಟು ತೊಳೆದು, ನೀಲಿ ದೀಪದಡಿ ನಿಲ್ಲಿಸುತ್ತಿದ್ದರು. ಎಣ್ಣೆ ಉಳಿದಲ್ಲಿ ಮೈ ಹೊಳೆಯುತ್ತಿತ್ತು. ಯಾರನ್ನೇ ಆಗಲಿ ಎಂಟು ನಿಮಿಷಕ್ಕೆ ಶುದ್ಧ ಮಾಡುತ್ತೇನೆಂದು ಮುಖ್ಯಸ್ಥ ಡಾಕ್ಟರ್ ಭೀಮರಾಜ್ ಬೀಗುತ್ತಿದ್ದ. ತೊಳೆದದ್ದೆಲ್ಲ ಕ್ರಾಪಿನ ಗಂಡಸರನ್ನು, ಅದೂ ಚಡ್ಡಿಯಲ್ಲಿ ನಿಲ್ಲಿಸಿ. ಇದಕ್ಕೂ ಒಬ್ಬ ಡಾಕ್ಟರು ಬೇಕೇ ಎಂದು ಅವಳು ಮೂಗು ಮುರಿಯುತ್ತಿದ್ದಳು.

ಒಂದು ದಿನ ದೊಡ್ಡ ಅಧಿಕಾರಿಗಳು ನೋಡಲು ಬಂದರು. ಹೆಂಗಸೊಬ್ಬಳೂ ಇರಲಿ ಎಂದು ಭೀಮರಾಜ್ ಇವಳನ್ನು ಕರೆದ.

"ಸೀರೆ ತೆಗೆದು ಈ ಗೌನ್ ಹಾಕ್ಕೊಳಮ್ಮ."

"ಎಲ್ಲಿ ಸಾರ್? ಇಷ್ಟು ಜನ ಗಂಡಸರ ಮುಂದೇನಾ?"

"ನಿಜವಾಗ್ಲೂ ದಾಳಿ ಆದ್ರೆ ನಾಚಿಕೆ ಎಲ್ಲಿರುತ್ತೆ?"

"ನಿಮ್ಮನೆಯವರ್ನ ಕರ್ಕೊಂಡ್ಬನ್ನಿ ಸಾರ್, ಎಲ್ಲಿರುತ್ತೆ ಅಂತ ಅವ್ರೇ ಹೇಳ್ತಾರೆ."

ಕಿರಿಯ ಸಂಶೋಧಕಿ ಹರ್ಷಿತ ತಾನೇ ಮೂಲೆಯಲ್ಲಿ ಬೆಡ್‌ಶೀಟ್ ಕಟ್ಟಿ ಮರೆ ಮಾಡಿಕೊಟ್ಟಳು. ತಲೆಗೂ ಕೈಗೂ ಎಣ್ಣೆ ಸವರಿ ನೀರು ಬಿಟ್ಟರು. ಎಂಟು ನಿಮಿಷವಾಯಿತು. ದೀಪದಡಿ ನಿಲ್ಲುವ ಮುಂಚೆ ಭೀಮರಾಜ್ ಅವಳ ಜಡೆ ಸುತ್ತಿ ಕಟ್ಟಿಸಿ ತಲೆಗೊಂದು ಪ್ಲಾಸ್ಟಿಕ್ ಟೋಪಿ ಹಾಕಿಸಿದ. ಕೈಗಳು ಹೊಳೆಯಲಿಲ್ಲ. ಅಧಿಕಾರಿಗಳು ಚಪ್ಪಾಳೆ ತಟ್ಟಿದರು.

ಆದಿಲಕ್ಷ್ಮಮ್ಮ ಟೋಪಿ ಕಿತ್ತೆಸೆದಳು. ಸೊಂಟದವರೆಗಿನ ಜಡೆ ಬುಡದಿಂದ ತುದಿಯವರೆಗೆ ಹೊಳೆಯಿತು. ಕತ್ತಿನ ಹಿಂದೆಯೂ ಎಣ್ಣೆ ಇಳಿದಿತ್ತು.

"ಇದೇನಾ ಸಾರ್ ತೊಳ್ದಿದ್ದು? ಎಣ್ಣೆ ಮೇಲೆ ಸುಮ್ನೆ ನೀರು ಹುಯ್ದ್ರೆ ಹರಡ್ಕೊಳುತ್ತೆ. ಮೊದ್ಲು ಒಣಬಟ್ಟೇಲಿ ಒತ್ತಿ ತೆಗೀಬೇಕು. ನೂಲು ತೊಳೆಯೋ ಯಾರನ್ನಾದ್ರೂ ಕೇಳಿ."

ಮರುದಿನ ಭೀಮರಾಜ್ ಒಂದು ಹಾಳೆ ಮುಂದಿಟ್ಟು ರುಜು ಹಾಕು ಎಂದ. ಹರ್ಷಿತ ಓದಿ ಹೇಳಿದಳು: ಈ ಮಹಿಳೆ ಸಹಕರಿಸಲಿಲ್ಲವಾದ್ದರಿಂದ ಈಕೆಯ ಪರೀಕ್ಷೆಯನ್ನು ಲೆಕ್ಕಕ್ಕೆ ಸೇರಿಸಿಲ್ಲ ಎಂದಿತ್ತು. ಆದಿಲಕ್ಷ್ಮಮ್ಮ ಪೆನ್ನು ಮುಟ್ಟಲಿಲ್ಲ. ಅವಳನ್ನು ಕಕ್ಕಸು ತೊಳೆಯುವುದಕ್ಕೆ ಹಾಕಿದರು. ಅಲ್ಲಾದರೂ ತೊಳೆದದ್ದು ತೊಳೆದಂತೆ ಕಾಣುತ್ತದಲ್ಲ ಎಂದುಕೊಂಡು ಹೋದಳು.

ಹರ್ಷಿತ ಮಾತ್ರ ಸುಮ್ಮನಾಗಲಿಲ್ಲ. ನಾಲ್ಕು ತಿಂಗಳು ಉದ್ದಗೂದಲಿನ ಹೆಂಗಸರನ್ನೇ ಕರೆದು, ಮರೆ ಕಟ್ಟಿ, ಮೊದಲು ಒಣಬಟ್ಟೆ, ಆಮೇಲೆ ನೀರು ಎಂದು ಪರೀಕ್ಷೆ ಮಾಡಿದಳು. ಮೊದಲಿನ ಅರ್ಧದಷ್ಟು ಎಣ್ಣೆಯೂ ಉಳಿಯಲಿಲ್ಲ. ಕ್ರಮವೇ ಬದಲಾಯಿತು, ಹೆಂಗಸರಿಗೆ ಬೇರೆ ಡೇರೆ, ಹೆಂಗಸರೇ ಸಿಬ್ಬಂದಿ ಎಂದಾಯಿತು.

ಅದನ್ನು ಪ್ರಕಟಿಸುವ ಸಭೆಯಲ್ಲಿ ಭೀಮರಾಜ್ ಅರ್ಧ ಗಂಟೆ ಮಾತಾಡಿದ. ಎಲ್ಲ ತನಗೇ ಹೊಳೆದದ್ದಂತೆ.

ಬಾಗಿಲ ಬಳಿ ನಿಂತಿದ್ದ ಆದಿಲಕ್ಷ್ಮಮ್ಮನ ಕಿವಿಯಲ್ಲಿ ಹರ್ಷಿತ ಪಿಸುಗುಟ್ಟಿದಳು: "ಅಮ್ಮಾ, ನಿಮ್ ಹೆಸ್ರೂ ಹೇಳಿ ಅಂತ ಎದ್ದು ಅವ್ರನ್ನ ಕೇಳ್ಲಾ?"

"ಬ್ಯಾಡ ಕಣಮ್ಮ. ಅಂಥ ಬಾಯಲ್ಲಿ ನನ್ನ ಹೆಸ್ರು ಯಾಕೆ?"

ಅವನ ಮಾತಿನ್ನೂ ಮುಗಿದಿರಲಿಲ್ಲ. ಅವಳು ಊಟದ ಡಬ್ಬಿ ಎತ್ತಿಕೊಂಡು ವಿಜಯಪುರದ ಬಸ್ಸಿಗೆ ಹೊರಟಳು.